ರಂಗೋಲಿ ಪುಡಿ, ಜಲ್ಲಿಕಲ್ಲು, ಮದರಂಗಿ: ಭೂಮಿಯ ಒಡಲನ್ನೂ ಖಂಡಗಳ ನಡಿಗೆಯನ್ನೂ ಮನೆಯಲ್ಲೇ ತಾಳೆ ನೋಡುವ ಬಗೆ

ಭೂಮಿಯೊಳಗೆ ಪದರಗಳಿವೆ, ಖಂಡಗಳು ಸರಿಯುತ್ತವೆ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಬಣ್ಣದ ಪೆನ್ಸಿಲ್ ಹಿಡಿದು ಒಂದರೊಳಗೊಂದು ವೃತ್ತ ಬರೆದು ಅಂಕವನ್ನೂ ಗಿಟ್ಟಿಸಿಕೊಂಡಿದ್ದೇವೆ. ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಅದೇ ಚಿತ್ರವನ್ನು ಮುಂದಿಟ್ಟುಕೊಂಡು, "ಮಾಮ, ಅಲ್ಲಿಗೆ ಯಾರೂ ಹೋಗಿಯೇ ಇಲ್ಲವಲ್ಲ, ಇವರಿಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಆಮೇಲೆ ಓದಿ, ಲೆಕ್ಕ ಹಾಕಿ, ತಾರಸಿಯ ಮೇಲೆ ಗೀಚಿ ನಾವಿಬ್ಬರೂ ಮಾಡಿದ ಕೆಲಸಗಳನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಬೇಕಾದ ಸಾಮಗ್ರಿ: ಅಡುಗೆಮನೆಯ ಡಿಜಿಟಲ್ ತಕ್ಕಡಿ, ದಾರ, ಏಳು ಮೀಟರ್ ಹಗ್ಗ, ರಂಗೋಲಿ ಪುಡಿ, ಕೈವಾರ, ಕೋನಮಾಪಕ, ಗ್ಲೋಬ್, ಟ್ರೇಸಿಂಗ್ ಕಾಗದ, ಒಂದು ಸೂಜಿ, ಒಂದು ಅಯಸ್ಕಾಂತ, ಚಿಟಿಕೆ ಮದರಂಗಿ. ಕೂಡಿಸು, ಗುಣಿಸು, ಭಾಗಿಸು ಬಂದರೆ ಸಾಕು; ಎರಡು ಕಡೆ ಮಾತ್ರ ಹತ್ತನೇ ತರಗತಿಯ ಗಣಿತವನ್ನು ನೆನಪಿಸಿಕೊಳ್ಳಬೇಕು.

ಹೆಜ್ಜೆ 1: ಉಗುರಿಗೆ ಮದರಂಗಿ ಹಚ್ಚಿ

ಫಲಿತಾಂಶಕ್ಕೆ ಒಂದು ತಿಂಗಳು ಹಿಡಿಯುವುದರಿಂದ ಈ ಕೆಲಸ ಮೊದಲೇ ಆಗಬೇಕು. ಎಡಗೈ ಹೆಬ್ಬೆರಳಿನ ಉಗುರಿಗೆ ಬುಡದವರೆಗೂ ಮದರಂಗಿ ಮೆತ್ತಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯಿರಿ. ಕ್ಯಾಲೆಂಡರಿನಲ್ಲಿ ದಿನಾಂಕ ಗುರುತು ಹಾಕಿ, ಮರೆತುಬಿಡಿ.

ಹೆಜ್ಜೆ 2: ಒಂದು ಕಲ್ಲನ್ನು ತೂಗಿ

ಮನೆ ಕಟ್ಟುವ ಜಾಗದಿಂದ ದಪ್ಪನೆಯ ಜಲ್ಲಿಕಲ್ಲೊಂದನ್ನು ತನ್ನಿ. ಅದರ ತೂಕವನ್ನು ಬರೆದುಕೊಳ್ಳಿ. ಈಗ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನೊಳಗೆ ಇಳಿಬಿಡಿ. ತಕ್ಕಡಿ ಈಗ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಮಿಲಿಲೀಟರ್ ಆ ಕಲ್ಲಿನ ಗಾತ್ರ. ತೂಕವನ್ನು ಗಾತ್ರದಿಂದ ಭಾಗಿಸಿ. ಬೆಂಗಳೂರು, ತುಮಕೂರು ಕಡೆಯ ಕಲ್ಲಾದರೆ 2.6 ಅಥವಾ 2.7ರ ಆಸುಪಾಸು ಬರುತ್ತದೆ. ಬೆಳಗಾವಿ, ವಿಜಯಪುರದ ಕರಿಕಲ್ಲಾದರೆ ಇನ್ನೂ ತುಸು ಹೆಚ್ಚು.

1798ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಸೀಸದ ಗುಂಡುಗಳ ನಡುವಿನ ಅತಿ ಸೂಕ್ಷ್ಮ ಸೆಳೆತವನ್ನು ಅಳೆದು ಇಡೀ ಭೂಮಿಯ ಸರಾಸರಿ ಸಾಂದ್ರತೆಯನ್ನು ಕಂಡುಕೊಂಡರು. ಅವರ ಉತ್ತರ ನೀರಿನ ಐದೂವರೆ ಪಟ್ಟಿಗೆ ತೀರಾ ಹತ್ತಿರವಿತ್ತು. ಇಂದಿನ ಲೆಕ್ಕ 5.51. ಕೈಯಲ್ಲಿರುವ ಕಲ್ಲು 2.7, ಒಟ್ಟು ಭೂಮಿ 5.5. ಮೇಲಿನದು ಇಷ್ಟು ಹಗುರವಾಗಿದ್ದೂ ಸರಾಸರಿ ಅಷ್ಟು ಬರಬೇಕಾದರೆ ಒಳಗೆಲ್ಲೋ ಬಲು ಭಾರದ ವಸ್ತು ಇರಲೇಬೇಕು. ಕಬ್ಬಿಣ ಎಂಬ ಗುಮಾನಿ ಹುಟ್ಟಿದ್ದು ಇಲ್ಲಿಂದಲೇ.

ಹೆಜ್ಜೆ 3: ಭೂಕಂಪದ ಅಲೆಗಳನ್ನು ಸಾಕ್ಷಿಗೆ ಕರೆಯಿರಿ

ಮಿಂಚು ಕಂಡು ಎಷ್ಟು ಹೊತ್ತಿಗೆ ಗುಡುಗು ಕೇಳಿಸಿತು ಎಂದು ಎಣಿಸಿ, ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ಆಚೆ ಬಡಿಯಿತೆಂದು ತಿಳಿಯುತ್ತದೆ. ಭೂಕಂಪವೂ ಹೀಗೆಯೇ ಎರಡು ದೂತರನ್ನು ಕಳಿಸುತ್ತದೆ. ಮೊದಲು ಬರುವ ಪಿ ಅಲೆ ಕಲ್ಲನ್ನು ಹಿಂದೆ ಮುಂದೆ ಒತ್ತುತ್ತ ಸಾಗುತ್ತದೆ. ಭೂಮಿಯ ಹೊರಪದರವಾದ ತೊಗಟೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ. ಹಿಂದೆ ಬರುವ ಎಸ್ ಅಲೆ ಹಗ್ಗ ಕೊಡವಿದಂತೆ ಅಡ್ಡಡ್ಡ ಅಲುಗುತ್ತದೆ. ವೇಗ ಸುಮಾರು 3.5 ಕಿ.ಮೀ. ಎರಡರ ನಡುವಿನ ಅಂತರ ಎಷ್ಟು ಸೆಕೆಂಡೋ ಅದನ್ನು 8ರಿಂದ ಗುಣಿಸಿದರೆ ಹತ್ತಿರದ ಭೂಕಂಪದ ದೂರ ಅಂದಾಜಿಗೆ ಸಿಗುತ್ತದೆ. ಮೂರು ಊರುಗಳಿಂದ ಮೂರು ವೃತ್ತ ಎಳೆದರೆ ಅವು ಕೂಡುವ ಜಾಗವೇ ಭೂಕಂಪದ ಕೇಂದ್ರ.

ಎಸ್ ಅಲೆಯ ಒಂದು ಗುಣವನ್ನು ಗಟ್ಟಿಯಾಗಿ ನೆನಪಿಡಿ: ಅದು ದ್ರವದೊಳಗೆ ಹಾಯಲಾರದು. ನೀರನ್ನು ಅಡ್ಡಕ್ಕೆ ತಳ್ಳಿದರೆ ಅದು ವಾಪಸ್ ಎಳೆಯುವುದಿಲ್ಲ, ಸುಮ್ಮನೆ ಜರುಗುತ್ತದೆ, ಅದಕ್ಕೇ.

ಈಗ ಕಾಗದದ ಮೇಲೆ 6.4 ಸೆಂ.ಮೀ. ತ್ರಿಜ್ಯದ ವೃತ್ತ ಬರೆಯಿರಿ. ಒಂದು ಸೆಂಟಿಮೀಟರ್ ಅಂದರೆ ಸಾವಿರ ಕಿಲೋಮೀಟರ್. ಅದೇ ಕೇಂದ್ರದಿಂದ 3.5 ಸೆಂ.ಮೀ.ನ ಇನ್ನೊಂದು ವೃತ್ತ ಬರೆಯಿರಿ; ಅದು ಭೂಮಿಯ ನಡುವಿನ ಕೇಂದ್ರಗೋಳ, ಅದರ ಹೊರಭಾಗ ದ್ರವ. ಹೊರ ವೃತ್ತದ ನೆತ್ತಿಯಲ್ಲಿ ಭೂಕಂಪ ಆಗಿದೆ ಎಂದುಕೊಂಡು, ಅಲ್ಲಿಂದ ಒಳವೃತ್ತವನ್ನು ಸವರಿಕೊಂಡು ಹೋಗುವ ಗೆರೆ ಎಳೆದು ಅದು ಆಚೆ ಬದಿಯಲ್ಲಿ ಎಲ್ಲಿ ಮುಟ್ಟುತ್ತದೆ ನೋಡಿ. ಕೇಂದ್ರದಲ್ಲಿ ಕೋನಮಾಪಕ ಇಟ್ಟು ಅಳೆದರೆ 114 ಡಿಗ್ರಿ ಸಿಗಬೇಕು. ವಾಸ್ತವದಲ್ಲಿ ಎಸ್ ಅಲೆಗಳು ಸುಮಾರು 104 ಡಿಗ್ರಿಯ ನಂತರ ನಾಪತ್ತೆಯಾಗುತ್ತವೆ. ಹತ್ತು ಡಿಗ್ರಿ ವ್ಯತ್ಯಾಸ ನಿಮ್ಮ ತಪ್ಪಲ್ಲ. ಆಳಕ್ಕಿಳಿದಂತೆ ಅಲೆಯ ವೇಗ ಹೆಚ್ಚುವುದರಿಂದ ಅದರ ದಾರಿ ಬಾಗಿ, ಬೇಗನೆ ಮೇಲೆದ್ದುಬಿಡುತ್ತದೆ. ನಾವು ಎಳೆದದ್ದು ನೇರ ಗೆರೆ. ಒರಟು ಚಿತ್ರದಲ್ಲೂ ಎಸ್ ಅಲೆ ತಲುಪದ ಆ ನೆರಳು ಮೂಡಿತಲ್ಲ, ನನಗೆ ಅದೇ ಸಂತೋಷ.

ಈ ಪತ್ತೆದಾರಿಕೆಯ ಆರಂಭಕ್ಕೆ ನಮ್ಮ ದೇಶದ ನಂಟಿದೆ. 1897ರ ಜೂನ್ 12ರಂದು ಅಸ್ಸಾಂ, ಶಿಲ್ಲಾಂಗ್ ಸೀಮೆಯನ್ನು ನೆಲಸಮ ಮಾಡಿದ ಭೂಕಂಪದ ದಾಖಲೆಗಳನ್ನು ಅಭ್ಯಸಿಸಿದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡಮ್. ಪಿ, ಎಸ್ ಮತ್ತು ಮೇಲ್ಮೈ ಅಲೆಗಳನ್ನು ದಾಖಲೆಗಳಲ್ಲಿ ಬೇರೆ ಬೇರೆಯಾಗಿ ಗುರುತಿಸಿದ ಅವರು, 1906ರಲ್ಲಿ ಭೂಮಿಗೆ ಪ್ರತ್ಯೇಕ ಕೇಂದ್ರಗೋಳವಿದೆ ಎಂದು ತೋರಿಸಿಕೊಟ್ಟರು. ಆ ಕೇಂದ್ರಗೋಳದೊಳಗೆ ಇನ್ನೊಂದು ಗೋಳವಿದೆ ಎಂದು 1936ರಲ್ಲಿ ಹೇಳಿದವರು ಡೆನ್ಮಾರ್ಕಿನ ಇಂಗೆ ಲೆಮನ್. ನ್ಯೂಜಿಲೆಂಡಿನ 1929ರ ಭೂಕಂಪದ ದಾಖಲೆಗಳಲ್ಲಿ, ಇರಬಾರದ ಜಾಗದಲ್ಲಿ ಕ್ಷೀಣವಾದ ಪಿ ಅಲೆಗಳು ಕಂಡಿದ್ದವು. ಉಳಿದವರು ಅವನ್ನು ಕಡೆಗಣಿಸಿದ್ದರು. ಈಕೆ ಬೆನ್ನು ಹತ್ತಿದರು.

ಹೆಜ್ಜೆ 4: ತಾರಸಿಯ ಮೇಲೆ ಭೂಮಿಯ ಒಂದು ಹೋಳು

ಪಠ್ಯಪುಸ್ತಕದ ಚಿತ್ರಗಳ ದೊಡ್ಡ ದೋಷವೆಂದರೆ ಅಳತೆ. ತೊಗಟೆಯನ್ನು ಹಲಸಿನ ಸಿಪ್ಪೆಯಷ್ಟು ದಪ್ಪ ಬರೆದಿರುತ್ತಾರೆ. ಸರಿಯಾದ ಅಳತೆಯಲ್ಲಿ ಒಮ್ಮೆ ಬರೆದು ನೋಡಿ. ತಾರಸಿಯ ಒಂದು ಮೂಲೆಯಲ್ಲಿ ಮೊಳೆಗೆ ಹಗ್ಗ ಕಟ್ಟಿ. ಒಂದು ಸೆಂಟಿಮೀಟರಿಗೆ 10 ಕಿ.ಮೀ. ಲೆಕ್ಕದಲ್ಲಿ 6.37 ಮೀಟರ್ ಅಳೆದು ರಂಗೋಲಿ ಪುಡಿಯಿಂದ ಕಮಾನು ಎಳೆಯಿರಿ. ಅದು ಭೂಮಿಯ ಮೇಲ್ಮೈ. ಮೊಳೆಯಿಂದ 1.22 ಮೀಟರಿಗೆ ಒಳ ಕೇಂದ್ರಗೋಳ, 3.48 ಮೀಟರಿಗೆ ಹೊರ ಕೇಂದ್ರಗೋಳದ ಅಂಚು. ಅಲ್ಲಿಂದ ಹೊರಗಿನ ಕಮಾನಿನ ಹತ್ತಿರದವರೆಗೆ, ಅಂದರೆ ಸುಮಾರು 2.9 ಮೀಟರ್, ಎಲ್ಲವೂ ಮ್ಯಾಂಟಲ್ ಎಂಬ ಬಂಡೆಯ ಪದರ.

ತೊಗಟೆ? ಕರ್ನಾಟಕದ ಪೂರ್ವಭಾಗದಲ್ಲಿ ಸುಮಾರು 35 ಕಿ.ಮೀ., ಅಂದರೆ ಮೂರೂವರೆ ಸೆಂಟಿಮೀಟರ್. ಚಿತ್ರದುರ್ಗದಿಂದ ಪಶ್ಚಿಮಕ್ಕೆ 40 ದಾಟುತ್ತದೆ. ಸಾಗರದ ತಳದಲ್ಲಿ ಬರೀ 7 ಮಿಲಿಮೀಟರ್. ಎವರೆಸ್ಟ್ ಶಿಖರ 9 ಮಿಲಿಮೀಟರಿಗೂ ಕಡಿಮೆ. ಅಂದರೆ ನೀವು ಎಳೆದ ರಂಗೋಲಿ ಗೆರೆಯ ಅಗಲದಲ್ಲೇ ಹಿಮಾಲಯ ಅಡಗಿಹೋಗುತ್ತದೆ. ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ: 12,262 ಮೀಟರ್, ನಮ್ಮ ಚಿತ್ರದಲ್ಲಿ ಒಂದೂಕಾಲು ಸೆಂಟಿಮೀಟರ್. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್, ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿದ್ದದ್ದು, 3.2 ಮಿಲಿಮೀಟರ್. ಒಂದು ಚುಕ್ಕಿ.

ಆ ಚುಕ್ಕಿಯಲ್ಲೇ ಒಂದು ದೊಡ್ಡ ಪಾಠವಿದೆ. ಕೋಲಾರದಲ್ಲಿ 3 ಕಿ.ಮೀ. ಆಳದ ಬಂಡೆಯ ಉಷ್ಣತೆ 60 ಡಿಗ್ರಿ ಮೀರಿತ್ತು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ 12 ಡಿಗ್ರಿಯಷ್ಟು ಏರಿಕೆ. ಇಲ್ಲಿನ ನೆಲ ಬಹಳ ಹಳೆಯದು, ತಣಿದದ್ದು. ಜಗತ್ತಿನ ಸಾಮಾನ್ಯ ಏರಿಕೆ ಕಿಲೋಮೀಟರಿಗೆ 25 ಡಿಗ್ರಿ ಎಂದಿಟ್ಟುಕೊಳ್ಳಿ. ಇದೇ ದರ ಕೇಂದ್ರದವರೆಗೂ ಮುಂದುವರಿದರೆ 6,371 ಗುಣಿಸು 25, ಹತ್ತಿರ ಹತ್ತಿರ 1,60,000 ಡಿಗ್ರಿ. ಅಷ್ಟಿದ್ದರೆ ಭೂಮಿ ಗಟ್ಟಿಯಾಗಿ ಉಳಿಯುವ ಮಾತೇ ಇಲ್ಲ. ನಿಜವಾದ ಅಂದಾಜು 5,000ದಿಂದ 6,000 ಡಿಗ್ರಿ, ಸೂರ್ಯನ ಮೇಲ್ಮೈಯಷ್ಟು. ಹಾಗಾದರೆ ಏರಿಕೆ ಎಲ್ಲೋ ಮಂದವಾಗಬೇಕು. ತಳ ಹತ್ತದಂತೆ ಸೌಟಿನಿಂದ ಕಲಕುತ್ತಿದ್ದರೆ ಗಂಜಿಯ ಬಿಸಿ ಎಲ್ಲ ಕಡೆ ಒಂದೇ ಸಮ ಆಗುತ್ತದಲ್ಲ, ಹಾಗೆ ಮ್ಯಾಂಟಲ್ ತನ್ನನ್ನು ತಾನೇ ಕಲಕಿಕೊಳ್ಳುತ್ತಿದೆ. ಖಂಡಗಳ ಚಲನೆಯ ಮೊದಲ ಸುಳಿವು ಸಿಗುವುದು ಇಲ್ಲಿಯೇ.

ಹೆಜ್ಜೆ 5: "ಒಳಗೆಲ್ಲ ಲಾವಾ" ಎಂಬ ನಂಬಿಕೆಯನ್ನು ಬಿಡಿ

ಮ್ಯಾಂಟಲ್ ಕುದಿಯುವ ಲಾವಾರಸ, ಖಂಡಗಳು ಅದರ ಮೇಲೆ ತೆಪ್ಪಗಳಂತೆ ತೇಲುತ್ತವೆ ಎಂದು ಎಷ್ಟೋ ವಿಡಿಯೊಗಳು ತೋರಿಸುತ್ತವೆ. ಶುದ್ಧ ತಪ್ಪು. ಎಸ್ ಅಲೆ ಮ್ಯಾಂಟಲ್‌ನಲ್ಲಿ ಸರಾಗವಾಗಿ ಹಾಯುತ್ತದೆ, ಆದ್ದರಿಂದ ಅದು ಘನ. ದ್ರವವಾಗಿರುವುದು ಹೊರ ಕೇಂದ್ರಗೋಳದ ಕಬ್ಬಿಣ.

ಘನವಾದದ್ದು ಹರಿಯುವುದು ಹೇಗೆ? ರಸ್ತೆಗೆ ಹಾಕುವ ಡಾಂಬರಿನ ಗಟ್ಟಿಯನ್ನು ಚಳಿಯ ಬೆಳಿಗ್ಗೆ ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಸಿಡಿಯುತ್ತದೆ. ಅದನ್ನೇ ಡಬ್ಬಿಯಲ್ಲಿ ಓರೆಯಾಗಿ ಬಿಟ್ಟರೆ ನಿಧಾನಕ್ಕೆ ಜಾರುತ್ತದೆ. ಮ್ಯಾಂಟಲ್‌ನ ಬಂಡೆಗೂ ಭೂಕಂಪದ ಕ್ಷಣಿಕ ಪೆಟ್ಟಿಗೆ ಒಂದು ಮುಖ, ಲಕ್ಷಾಂತರ ವರ್ಷಗಳ ಒತ್ತಡಕ್ಕೆ ಇನ್ನೊಂದು ಮುಖ.

ಇನ್ನು ಚಲಿಸುವುದು ಖಂಡವೊಂದೇ ಅಲ್ಲ. ತೊಗಟೆ ಮತ್ತು ಅದರಡಿಯ ಮ್ಯಾಂಟಲ್‌ನ ಗಟ್ಟಿ ಭಾಗ ಸೇರಿ ಸುಮಾರು 100 ಕಿ.ಮೀ. ದಪ್ಪದ ಫಲಕ. ತಾರಸಿಯ ಚಿತ್ರದಲ್ಲಿ ಹತ್ತು ಸೆಂಟಿಮೀಟರ್ ಪಟ್ಟಿ ಎಳೆದು ಅದನ್ನು ಸೇರಿಸಿ. ಆ ಫಲಕವನ್ನು ಎಳೆಯುವುದು ಯಾವುದು? ಬಟ್ಟೆ ಒಣಹಾಕುವ ತಂತಿಯ ಮೇಲೆ ಒದ್ದೆ ಪಂಚೆಯ ಒಂದು ಬದಿಯನ್ನು ಸ್ವಲ್ಪ ಹೆಚ್ಚು ಇಳಿಬಿಟ್ಟು ನೋಡಿ. ಇಳಿಬಿದ್ದ ಬದಿಯ ಭಾರಕ್ಕೆ ಉಳಿದದ್ದೂ ಜಾರಿ ಹೋಗುತ್ತದೆ. ಹಳತಾಗಿ ತಣಿದು ಭಾರವಾದ ಸಾಗರತಳದ ಫಲಕ ಹೀಗೆಯೇ ಇಂಡೋನೇಷ್ಯಾದ ಸುಮಾತ್ರ, ಜಾವಾ ದಂಡೆಗಳ ಬಳಿ ಮ್ಯಾಂಟಲ್‌ನೊಳಗೆ ಮುಳುಗುತ್ತ ತನ್ನ ಹಿಂದಿನದನ್ನು ಎಳೆದುಕೊಳ್ಳುತ್ತದೆ. ಕೆಳಗಿನ ಕಲಕಾಟಕ್ಕಿಂತ ಈ ಎಳೆತವೇ ದೊಡ್ಡದು ಎಂಬುದು ಇಂದಿನ ಬಹುಪಾಲು ಭೂವಿಜ್ಞಾನಿಗಳ ಅಭಿಪ್ರಾಯ.

ಹೆಜ್ಜೆ 6: ಗ್ಲೋಬಿನ ಮೇಲೆ ಗೊಂಡ್ವಾನವನ್ನು ಜೋಡಿಸಿ

ಭಾರತವೂ ದಕ್ಷಿಣದ ಖಂಡಗಳೂ ಹಿಂದೊಮ್ಮೆ ಒಂದಾಗಿದ್ದ ಮಹಾಖಂಡವೇ ಗೊಂಡ್ವಾನ. ಅದನ್ನು ಜೋಡಿಸಲು ಗೋಡೆಯ ನಕಾಶೆಯನ್ನು ಕತ್ತರಿಸಬೇಡಿ. ಚಪ್ಪಟೆ ನಕಾಶೆಯಲ್ಲಿ ಧ್ರುವದ ಹತ್ತಿರದ ನೆಲ ವಿಕಾರವಾಗಿ ಹಿಗ್ಗಿರುತ್ತದೆ. ಗ್ಲೋಬಿನ ಮೇಲೆಯೇ ಟ್ರೇಸಿಂಗ್ ಕಾಗದ ಒತ್ತಿ ಆಫ್ರಿಕಾ, ಮಡಗಾಸ್ಕರ್, ಭಾರತ, ಆಸ್ಟ್ರೇಲಿಯ, ಅಂಟಾರ್ಕ್ಟಿಕಾಗಳನ್ನು ಬರೆದುಕೊಳ್ಳಿ. ದಡದ ಗೆರೆಯ ಬದಲು ಅದರಾಚೆಯ ತಿಳಿನೀಲಿ ಪಟ್ಟಿಯ ಅಂಚನ್ನು ಹಿಡಿಯಿರಿ. ಖಂಡ ಮುಗಿಯುವುದು ಅಲ್ಲಿ. ದಡ ಇಂದು ನೀರು ನಿಂತಿರುವ ಜಾಗ ಮಾತ್ರ. ಈಗ ಚೂರುಗಳನ್ನು ಗ್ಲೋಬಿನ ಮೇಲೆ ಜರುಗಿಸಿ ಜೋಡಿಸಿ: ಆಫ್ರಿಕಾಕ್ಕೆ ಮಡಗಾಸ್ಕರ್, ಅದರ ಪೂರ್ವದಂಡೆಗೆ ನಮ್ಮ ಪಶ್ಚಿಮ ಕರಾವಳಿ, ನಮ್ಮ ಪೂರ್ವ ಕರಾವಳಿಗೆ ಅಂಟಾರ್ಕ್ಟಿಕಾ. ಭಾರತದ ಉತ್ತರದಲ್ಲಿ ಖಾಲಿ ಉಳಿದರೆ ಗಾಬರಿ ಬೇಡ, ಅಲ್ಲಿದ್ದ ನೆಲ ಹಿಮಾಲಯದಲ್ಲಿ ಮಡಿಚಿಹೋಗಿದೆ.

ಗೊಂಡ ಜನರ ನಾಡಿನಿಂದ ಬಂದದ್ದು ಗೊಂಡ್ವಾನ ಎಂಬ ಹೆಸರು. ಗ್ಲಾಸಾಪ್ಟೆರಿಸ್ ಎಂಬ ಗಿಡದ ಎಲೆಯಚ್ಚುಗಳು ಈ ಐದೂ ಭೂಭಾಗಗಳಲ್ಲಿ ಸಿಗುತ್ತವೆ. ಒಡಿಶಾದ ತಾಲ್ಚೇರ್‌ನಲ್ಲಿ, ಅಷ್ಟು ಸೆಕೆಯ ಊರಿನಲ್ಲಿ, ಹಿಮನದಿ ತಂದು ಸುರಿದ ಗುಂಡುಕಲ್ಲುಗಳಿವೆ. ಜರ್ಮನಿಯ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ 1912ರ ಜನವರಿಯಲ್ಲಿ ಫ್ರಾಂಕ್‌ಫರ್ಟಿನಲ್ಲಿ ಇಂಥ ಪುರಾವೆಗಳನ್ನೇ ಹರವಿಟ್ಟು ಖಂಡಗಳು ಸರಿದಿವೆ ಎಂದರು. ಭೂವಿಜ್ಞಾನಿಗಳು ನಕ್ಕರು. ಅವರ ನಗೆಗೆ ಕಾರಣವೂ ಇತ್ತು: ತಳ್ಳುವ ಶಕ್ತಿ ಯಾವುದೆಂದು ವೆಗೆನರ್ ಹೇಳಲಾರದೆ ಹೋದರು, ಮೇಲಾಗಿ ಗ್ರೀನ್‌ಲ್ಯಾಂಡ್ ವರ್ಷಕ್ಕೆ ಹತ್ತಾರು ಮೀಟರ್ ಓಡುತ್ತಿದೆ ಎಂದು ನಂಬಿದ್ದರು. 1930ರಲ್ಲಿ ಅದೇ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು.

ನಮ್ಮವರಿಗೆ ಇನ್ನೂ ಹತ್ತಿರದ ಪುರಾವೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಅಲ್ಲಿ ಕೆತ್ತಿ ನಿಲ್ಲಿಸಿದಂತಿರುವ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಹರಿದು ಬೇರೆಯಾದಾಗ ಉಕ್ಕಿದ ಲಾವಾ ತಣಿದು ಬಿರಿದದ್ದು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ನವೆಂಬರ್ ನಂತರ ಹೋಗಿ. ಬಹುತೇಕರು ಅಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ನೀವು ಒಮ್ಮೆ ತಿರುಗಿ, ಕಂಬದ ತುದಿಗೆ ಎಷ್ಟು ಮೂಲೆಗಳಿವೆ ಎಂದು ಎಣಿಸಿ.

ಹೆಜ್ಜೆ 7: ಎರಡು ನೋಟ್‌ಬುಕ್ಕುಗಳ ಸಂದಿಯಿಂದ ಸಾಗರ

ಎರಡು ದಪ್ಪ ಪುಸ್ತಕಗಳನ್ನು ಒತ್ತೊತ್ತಾಗಿ ಇಟ್ಟು, ನಡುವಿನ ಸಂದಿಯಿಂದ ಎರಡು ಕಾಗದದ ಪಟ್ಟಿಗಳನ್ನು ಮೇಲೆ ತಂದು, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಎಳೆಯಿರಿ. ಒಂದೊಂದು ಅಂಗುಲ ಹೊರಬಂದಾಗಲೂ ಹೊಸದಾಗಿ ಬಂದ ಭಾಗಕ್ಕೆ ಒಮ್ಮೆ ಇದ್ದಿಲು ಬಳಿಯಿರಿ, ಒಮ್ಮೆ ಬಿಡಿ. ಎರಡೂ ಬದಿ ಕನ್ನಡಿಯ ಬಿಂಬದಂತೆ ಪಟ್ಟೆಗಳಾಗುತ್ತವೆ. ಭೂಮಿಯ ಕಾಂತಕ್ಷೇತ್ರ ಆಗಾಗ ದಿಕ್ಕು ಬದಲಿಸುತ್ತದೆ. ಕೊನೆಯ ಬಾರಿ ಬದಲಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಸಾಗರದ ನಡುವಿನ ಬಿರುಕಿನಲ್ಲಿ ಉಕ್ಕಿ ತಣಿಯುವ ಬಸಾಲ್ಟ್ ಎಂಬ ಕರಿಕಲ್ಲು ಆಯಾ ಕಾಲದ ದಿಕ್ಕನ್ನು ಅಚ್ಚೊತ್ತಿಕೊಳ್ಳುತ್ತದೆ. ಬ್ರಿಟನ್ನಿನ ಭೂವಿಜ್ಞಾನಿಗಳಾದ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಇದನ್ನು ಬಿಡಿಸಿ ಹೇಳಿದ್ದು ಹಿಂದೂ ಮಹಾಸಾಗರದ ಕಾರ್ಲ್ಸ್‌ಬರ್ಗ್ ಏಣು ಎಂಬ ಮುಳುಗಿದ ಬೆಟ್ಟಸಾಲಿನ ಅಳತೆಗಳನ್ನು ಇಟ್ಟುಕೊಂಡೇ. ನಮ್ಮ ಫಲಕ ಹುಟ್ಟುತ್ತಿರುವ ಅಂಚು ಅದು.

ಲೆಕ್ಕ ಸುಲಭ. ನಡುವಿನ ಪಟ್ಟೆ 20 ಕಿ.ಮೀ. ಅಗಲವಿದ್ದರೆ, ಅಂದರೆ 20 ಲಕ್ಷ ಸೆಂಟಿಮೀಟರ್, ಅದನ್ನು 7.8 ಲಕ್ಷ ವರ್ಷದಿಂದ ಭಾಗಿಸಿ: ವರ್ಷಕ್ಕೆ ಎರಡೂವರೆ ಸೆಂಟಿಮೀಟರ್ ಹೊಸ ನೆಲ. ಸಾಗರದ ತಳದಲ್ಲಿ 20 ಕೋಟಿ ವರ್ಷ ಮೀರಿದ ಬಂಡೆ ಕಾಣುವುದೇ ಅಪರೂಪ. ಲಾಲ್‌ಬಾಗಿನ ಬಂಡೆಗೋ 300 ಕೋಟಿ ವರ್ಷ.

ಹೆಜ್ಜೆ 8: ಸೂಜಿಯ ಓರೆಯಿಂದ ಅಕ್ಷಾಂಶ

ಸೂಜಿಯ ಸರಿಯಾದ ನಡುವಿಗೆ ದಾರ ಕಟ್ಟಿ ಅಡ್ಡಡ್ಡ ನಿಲ್ಲುವಂತೆ ತೂಗುಹಾಕಿ. ಆಮೇಲೆ ಅಯಸ್ಕಾಂತದಿಂದ ಒಂದೇ ದಿಕ್ಕಿಗೆ ಮೂವತ್ತು ಬಾರಿ ಸವರಿ ಮತ್ತೆ ತೂಗಿ. ಉತ್ತರಕ್ಕೆ ತಿರುಗುವುದಲ್ಲದೆ, ಆ ತುದಿ ತುಸು ಕೆಳಗೂ ಬಾಗುತ್ತದೆ. ಕಾಂತೀಯ ಸಮಭಾಜಕದ ಬಳಿ ಬಾಗು ಇಲ್ಲ. ಧ್ರುವದತ್ತ ಹೋದಂತೆ ಹೆಚ್ಚು. (ಆ ಸಮಭಾಜಕ ಕೇರಳದ ತುಂಬಾ ಎಂಬ ಊರಿನ ಬಳಿ ಹಾಯುತ್ತದೆ. ಭಾರತದ ಬಾಹ್ಯಾಕಾಶ ಯೋಜನೆಯ ಮೊದಲ ರಾಕೆಟ್ 1963ರಲ್ಲಿ ಅಲ್ಲಿಂದ ಹಾರಿದ್ದು ಅದಕ್ಕೇ.) ಬಾಗಿನ ಕೋನದ ಟ್ಯಾನ್ ಬೆಲೆಯ ಅರ್ಧ, ಅಕ್ಷಾಂಶದ ಟ್ಯಾನ್ ಬೆಲೆಗೆ ಸಮ.

ಬೀದರ್, ಕಲಬುರಗಿ, ವಿಜಯಪುರಗಳ ಎರೆಮಣ್ಣಿನಡಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. 1950ರ ದಶಕದಲ್ಲಿ ಲಂಡನ್ನಿನ ಭೌತವಿಜ್ಞಾನಿ ಬ್ಲ್ಯಾಕೆಟ್ ಅವರ ತಂಡ ಈ ದಖ್ಖನ್ ಕಲ್ಲಿನೊಳಗೆ ಹುದುಗಿದ ಕಾಂತೀಯ ಓರೆಯನ್ನು ಅಳೆಯಿತು. ಓರೆ ಸುಮಾರು 50 ಡಿಗ್ರಿ. ಟ್ಯಾನ್ 1.19, ಅರ್ಧ 0.6, ಅಕ್ಷಾಂಶ ಸುಮಾರು 30 ಡಿಗ್ರಿ, ಅದೂ ಸಮಭಾಜಕದ ದಕ್ಷಿಣಕ್ಕೆ. ಇಂದು ಆ ನೆಲ ಸುಮಾರು 18 ಡಿಗ್ರಿ ಉತ್ತರದಲ್ಲಿದೆ. ಒಟ್ಟು 48 ಡಿಗ್ರಿ; ಡಿಗ್ರಿಗೆ 111 ಕಿ.ಮೀ.ಯಂತೆ 5,300 ಕಿ.ಮೀ. ಇದನ್ನು 6.6 ಕೋಟಿಯಿಂದ ಭಾಗಿಸಿದರೆ ವರ್ಷಕ್ಕೆ 8 ಸೆಂ.ಮೀ. ಆರಂಭದಲ್ಲಿ ಭಾರತ ಇದರ ಸುಮಾರು ಎರಡು ಪಟ್ಟು ವೇಗದಲ್ಲಿ ಬಂದು, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿ ನಿಧಾನವಾಯಿತು.

ಗುದ್ದುವ ಮೊದಲು ನಡುವೆ ಇದ್ದದ್ದು ಟೆಥಿಸ್ ಸಮುದ್ರ. ಅದರ ಗುರುತು ನಿಮ್ಮ ದೇವರ ಮನೆಯಲ್ಲೇ ಇರಬಹುದು. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮದೊಳಗಿನ ಚಕ್ರ, ಸುಮಾರು 15 ಕೋಟಿ ವರ್ಷಗಳ ಹಿಂದೆ ಆ ಸಮುದ್ರದಲ್ಲಿ ಈಜಾಡಿದ ಅಮೊನೈಟ್ ಎಂಬ ಜೀವಿಯ ಚಿಪ್ಪಿನ ಅಚ್ಚು. ಹಿರಿಯರ ಅನುಮತಿ ಪಡೆದು ಭೂತಗನ್ನಡಿಯಲ್ಲಿ ನೋಡಿ. ತಕ್ಕಡಿಗೆ ಹಾಕುವ ಮಾತನ್ನು ಅಕ್ಕನ ಮಗಳು ಎತ್ತಿದಾಗ ನಮ್ಮಮ್ಮ ನೋಡಿದ ನೋಟವೇ ಸಾಕಾಯಿತು.

ಹೆಜ್ಜೆ 9: ತಿಂಗಳು ಕಳೆದ ಮೇಲೆ ಉಗುರು ನೋಡಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಜಿಪಿಎಸ್ ನಿಲ್ದಾಣವೊಂದು ದಶಕಗಳಿಂದ ತನ್ನ ಸ್ಥಾನವನ್ನು ಮಿಲಿಮೀಟರ್ ಲೆಕ್ಕದಲ್ಲಿ ದಾಖಲಿಸುತ್ತಿದೆ. (ಮೊಬೈಲಿನ ಜಿಪಿಎಸ್ ಮೀಟರುಗಟ್ಟಲೆ ತಪ್ಪುತ್ತದೆ, ಅದರಲ್ಲಿ ಇದನ್ನು ಹುಡುಕಬೇಡಿ.) ಅದು ವರ್ಷಕ್ಕೆ ಸುಮಾರು 3.5 ಸೆಂ.ಮೀ. ಉತ್ತರಕ್ಕೂ 4.2 ಸೆಂ.ಮೀ. ಪೂರ್ವಕ್ಕೂ ಸರಿಯುತ್ತದೆ. ಪೈಥಾಗೊರಸ್‌ನ ನಿಯಮ ಹಾಕಿ: 12.25 ಕೂಡಿಸು 17.64, ವರ್ಗಮೂಲ ತೆಗೆದರೆ ಸುಮಾರು 5.5 ಸೆಂ.ಮೀ., ಈಶಾನ್ಯಕ್ಕೆ. ತಿಂಗಳಿಗೆ 4.6 ಮಿಲಿಮೀಟರ್.

ಈಗ ಹೆಬ್ಬೆರಳು ತೋರಿಸಿ. ಬುಡದಲ್ಲಿ ಮದರಂಗಿಯಿಲ್ಲದ ಬಿಳಿ ಅರ್ಧಚಂದ್ರ ಮೂಡಿರುತ್ತದೆ. ಸ್ಕೇಲ್ ಇಟ್ಟು ಅಳೆಯಿರಿ. ನನ್ನದು ಮೂರು ಮಿಲಿಮೀಟರಿಗಿಂತ ತುಸು ಹೆಚ್ಚಿತ್ತು. ಅಕ್ಕನ ಮಗಳದು ಮೂರೂವರೆ. ಬೆಂಗಳೂರು ನಮ್ಮಿಬ್ಬರನ್ನೂ ಒಂದು ಮಿಲಿಮೀಟರಿನಷ್ಟು ಹಿಂದೆ ಹಾಕಿತ್ತು. ಅವಳು ಬಲಗೈಗೂ ಹಚ್ಚಿಕೊಂಡು ಮತ್ತೊಮ್ಮೆ ಅಳೆಯುತ್ತೇನೆ ಎಂದು ಹೊರಟಳು.